ಹರಳು ಹುಬ್ಬಳ್ಳಿಯದು, ಕೂರಿಸಿದ್ದು ಕುಮಟೆಯಲ್ಲಿ

ನಿಶ್ಚಿತಾರ್ಥದ ದಿನ ನನ್ನ ಬೆರಳಿಗೆ ಬಂದ ಉಂಗುರದಲ್ಲಿ ಏಳು ಪುಟ್ಟ ವಜ್ರದ ಹರಳುಗಳಿದ್ದವು. ದೂರದಿಂದ ನೋಡಿದರೆ ಒಂದೇ ದೊಡ್ಡ ಹರಳಿನ ಹಾಗೆ ಕಾಣಲಿ ಅಂತ ಒತ್ತೊತ್ತಾಗಿ ಕೂರಿಸಿದ್ದರು. ಆಗ ನಮ್ಮನೆಯವರ ಹತ್ತಿರ ಇದ್ದ ದುಡ್ಡಿಗೆ ಅಷ್ಟೇ ಬರುತ್ತಿತ್ತು. ನನಗೂ ಬೇಜಾರೇನಿರಲಿಲ್ಲ. ಆಮೇಲೆ ಹನ್ನೆರಡು ವರ್ಷ ಪಾತ್ರೆ ತೊಳೆದು, ಕಾಯಿ ತುರಿದು, ಸುಗ್ಗಿಯಲ್ಲಿ ಅಡಿಕೆ ಸುಲಿದು, ಏಳರಲ್ಲಿ ಒಂದು ಎಲ್ಲಿ ಬಿತ್ತೋ ಗೊತ್ತೇ ಆಗಲಿಲ್ಲ. ಹೋದ ವರ್ಷ ಚಾಲಿ ಅಡಿಕೆ ಕೊಟ್ಟ ದುಡ್ಡು ಕೈಗೆ ಬಂದಾಗ ಅವರೇ ಹೇಳಿದರು, ಬಿದ್ದ ಹರಳನ್ನು ಕೂರಿಸೋದು ಬೇಡ, ಈ ಸಲ ಒಂದೇ ಒಂದು ಒಳ್ಳೆ ಹರಳು ತಗೊಂಡು ಹೊಸ ಉಂಗುರ ಮಾಡಿಸೋಣ ಅಂತ. ಒಂದು ಲಕ್ಷದೊಳಗೆ ಮುಗಿಯಬೇಕು, ಅದೊಂದೇ ಷರತ್ತು.

ತಗೊಳ್ಳೋದು ಅಂತ ಆಯ್ತು. ಎಲ್ಲಿ ಅನ್ನುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಕೆಲಸ ಮಾಡುವವಳು. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು, ಅಡಿಕೆಯ ಈ ಎಲ್ಲ ದರ್ಜೆಗಳೂ ದಿನಾ ಕಣ್ಣೆದುರಿಗೆ. ನಮ್ಮಲ್ಲಿ ಖರೀದಿದಾರ ಬಂದವನು ಚೀಲಕ್ಕೆ ಕೈ ಹಾಕುತ್ತಾನೆ, ನಾಲ್ಕು ಅಡಿಕೆ ತೆಗೆದು ಒಡೆದು ನೋಡುತ್ತಾನೆ, ಆಮೇಲೆ ಟೆಂಡರ್ ಬರೆಯುತ್ತಾನೆ. ಒಡೆದು ನೋಡದೆ ರೇಟು ಹೇಳುವವನನ್ನು ಹುಚ್ಚ ಅಂತಾರೆ. ಆದರೆ ಒಡವೆ ಅಂಗಡಿಗೆ ಹೋದಾಗ ನಾವೇ ಆ ಹುಚ್ಚರು. ಅವರು ಉಂಗುರ ತೋರಿಸುತ್ತಾರೆ, ಮೇಲಿಂದ ಬೆಳಕು ಬಿದ್ದು ಝಗ್ ಅನ್ನುತ್ತದೆ, ನಾವು ಬೆರಳಿಗೆ ಹಾಕಿಕೊಂಡು ಕನ್ನಡಿ ನೋಡುತ್ತೇವೆ. ಹರಳನ್ನು ನೋಡುವುದೇ ಇಲ್ಲ.

ಮೊದಲು ಹೋಗಿದ್ದು ಹಳೆ ಉಂಗುರ ತಂದ ಅಂಗಡಿಗೇ. ಹೆಸರು ಬೇಡ. ಬದಲಿ ಕೊಟ್ಟರೆ ಪೂರ್ತಿ ಬೆಲೆ ಹಿಡಿಯುತ್ತೇವೆ ಅಂತ ಅವತ್ತು ಬಾಯಲ್ಲಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಈಗ ಕೌಂಟರ್‌ನಲ್ಲಿದ್ದ ಹುಡುಗ ಬಿಲ್ ಕೇಳಿದ. ಜೋಪಾನವಾಗಿ ಇಟ್ಟಿದ್ದ ಬಿಲ್ ತೆಗೆದರೆ ಅದು ಬೆಳ್ಳಗಾಗಿಬಿಟ್ಟಿತ್ತು. ಶಾಖದಿಂದ ಅಚ್ಚಾಗುವ ಆ ನುಣುಪು ಕಾಗದ ಇರುತ್ತಲ್ಲ, ಬಸ್ ಟಿಕೆಟಿನದು, ಅದೇ. ಬೀರುವಿನೊಳಗೆ ಕೂತು ಅಕ್ಷರ ಹಾರಿಹೋಗಿದ್ದವು. ದಯವಿಟ್ಟು ಬಿಲ್ಲನ್ನು ಮನೆಗೆ ತಂದ ದಿನವೇ ಝೆರಾಕ್ಸ್ ಮಾಡಿಸಿ, ಫೋಟೋ ತೆಗೆದಿಡಿ. ಅವರ ಕಂಪ್ಯೂಟರಿನಲ್ಲಿ ಹೇಗೋ ಹುಡುಕಿದರು. ಅದರಲ್ಲಿದ್ದದ್ದು ಇಷ್ಟೇ: ವಜ್ರ 0.14 ಕ್ಯಾರೆಟ್, ಎಸ್‌ಐ, ಐಜೆ (ಮೊದಲನೆಯದು ಶುದ್ಧತೆಯ ದರ್ಜೆ, ಎರಡನೆಯದು ಬಣ್ಣದ್ದು). ಯಾವ ಹರಳು, ಯಾರು ಪರೀಕ್ಷೆ ಮಾಡಿದ್ದು, ಏನೂ ಇಲ್ಲ. ಚಿನ್ನಕ್ಕೆ ಇವತ್ತಿನ ರೇಟಿನಲ್ಲಿ ವೇಸ್ಟೇಜ್ ಕಳೆದು ಕೊಡುತ್ತೇವೆ, ಹರಳು ಸಣ್ಣದು ಮೇಡಂ, ಅದಕ್ಕೇನೂ ಬರಲ್ಲ ಅಂದರು. ಪೂರ್ತಿ ಬೆಲೆ ಬೇಕಂದರೆ ಹಳೆಯದರ ಎರಡು ಪಟ್ಟು ಬೆಲೆಯ ಒಡವೆಯನ್ನು ಅಲ್ಲೇ ತಗೊಳ್ಳಬೇಕಂತೆ. ಜಗಳ ಮಾಡಲಿಲ್ಲ. ಉಂಗುರ ವಾಪಸ್ ಪರ್ಸಿಗೆ ಹಾಕಿಕೊಂಡು ಬಂದೆ.

ಆ ಬಿಲ್ ನೋಡಿದಾಗಲೇ ಇನ್ನೊಂದು ಗೊತ್ತಾಗಿದ್ದು: ಚಿನ್ನದ ಲೆಕ್ಕವನ್ನು ಹರಳಿನ ತೂಕ ಸೇರಿಸಿಯೇ ಹಾಕಿದ್ದರು. ವಜ್ರದ ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ನನ್ನ 0.14 ಕ್ಯಾರೆಟ್‌ಗೆ 28 ಮಿಲಿಗ್ರಾಂ. ನನಗಾದ ನಷ್ಟ ಒಂದು ಹೊತ್ತಿನ ಮೀನಿನ ದುಡ್ಡು ಅಷ್ಟೆ. ಆದರೆ ಹರಳು, ಮುತ್ತು, ಕೆಂಪು ತುಂಬಿದ ನೆಕ್ಲೇಸಿಗೆ ಹೀಗೇ ಲೆಕ್ಕ ಹಾಕಿದರೆ ಕಲ್ಲಿಗೂ ಚಿನ್ನದ ರೇಟು ಕೊಟ್ಟ ಹಾಗಾಗುತ್ತದೆ. ಹರಳು ಬಿಟ್ಟು ಚಿನ್ನದ್ದೇ ನೆಟ್ ತೂಕ ಬೇರೆ ಬರೆದಿದೆಯಾ ನೋಡಿ.

ಅಲ್ಲಿಂದ ಶುರುವಾಯಿತು ಓದುವುದು, ಕೇಳುವುದು. ನಮ್ಮ ಆಫೀಸಿನಲ್ಲಿ ಅರ್ಧ ಜನ ಹೇಳಿದ್ದು ಒಂದೇ ಮಾತು: ಹಾಲ್‌ಮಾರ್ಕ್ ಇರೋದು ನೋಡಿ ತಗೊಳ್ಳಿ, ಅಷ್ಟು ಸಾಕು. ಸಾಲದು! ಹಾಲ್‌ಮಾರ್ಕ್ ಹೇಳುವುದು ಚಿನ್ನದ ವಿಷಯ ಮಾತ್ರ. 18 ಕ್ಯಾರೆಟ್‌ಗೆ 750 (ಸಾವಿರದಲ್ಲಿ 750 ಪಾಲು ಚಿನ್ನ; ಚಿನ್ನದ ಕ್ಯಾರೆಟ್ ಶುದ್ಧತೆಯ ಲೆಕ್ಕ, ತೂಕದ್ದಲ್ಲ) ಅಂತ ಇರುತ್ತದೆ, ಜೊತೆಗೆ ಆರು ಅಕ್ಷರ-ಅಂಕಿಗಳ ಗುರುತಿನ ನಂಬರು, ಎಚ್‌ಯುಐಡಿ. 2023ರ ಏಪ್ರಿಲ್‌ನಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ ಅದು ಇರಲೇಬೇಕು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಒಳಗೆ ಕೂತಿರುವುದು ವಜ್ರವೋ ಅಮೆರಿಕನ್ ಡೈಮಂಡೋ ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಹರಳಿಗೆ ಬೇರೆ ರಿಪೋರ್ಟ್ ಬೇಕು. ನಮ್ಮ ದೇಶದಲ್ಲಿ ಜಾಸ್ತಿ ಸಿಗುವುದು ಜಿಐಎ ಮತ್ತು ಐಜಿಐ ಅನ್ನುವ, ಹರಳು ಪರೀಕ್ಷೆ ಮಾಡುವ ಸಂಸ್ಥೆಗಳ ರಿಪೋರ್ಟು. ಜಿಐಎ ಅಮೆರಿಕದ್ದು, 1931ರಲ್ಲಿ ಶುರುವಾಗಿದ್ದು. ಬಣ್ಣಕ್ಕೆ ಡಿ ಇಂದ ಝಡ್‌ವರೆಗೆ (ಡಿ ಅಂದರೆ ಬಣ್ಣವೇ ಇಲ್ಲದ್ದು, ಝಡ್ ಕಡೆ ಹೋದಷ್ಟೂ ಹಳದಿ) ಈಗ ಎಲ್ಲ ಅಂಗಡಿಯವರೂ ಹೇಳುವ ಅಕ್ಷರಗಳು ಅವರದೇ. ರಿಪೋರ್ಟಿನಲ್ಲಿ ಬೆಲೆ ಇರುವುದಿಲ್ಲ, ಅದು ಬೆಲೆಪಟ್ಟಿ ಅಲ್ಲ. ನಮ್ಮ ರಾಶಿ ಅಡಿಕೆಗೆ ರಾಶಿ ಅಂತ ಚೀಟಿ ಅಂಟಿಸಿದ ಹಾಗೆ, ಅಷ್ಟೆ. ರೇಟು ಮತ್ತೆ ನಾವೇ ನೋಡಿಕೊಳ್ಳಬೇಕು.

ಮಧ್ಯದಲ್ಲಿ ನನ್ನ ನಾದಿನಿ ಲ್ಯಾಬ್ ವಜ್ರದ, ಅಂದರೆ ಗಣಿಯಲ್ಲಿ ಸಿಕ್ಕದ್ದಲ್ಲ, ಲ್ಯಾಬಿನಲ್ಲಿ ತಯಾರಾದ ವಜ್ರದ ಉಂಗುರ ಹಾಕಿಕೊಂಡು ಬಂದಳು. ಒಂದು ಕ್ಯಾರೆಟ್. ನಾನು ನೋಡುತ್ತಿದ್ದ ಹರಳಿನ ಎರಡರಷ್ಟು, ದುಡ್ಡು ನನ್ನ ಬಜೆಟ್ಟಿನ ಅರ್ಧವೂ ಅಲ್ಲ. ಅದು ನಕಲಿ ಅಂತ ಅತ್ತೆ ಒಳಗೇ ಗೊಣಗಿದರು, ಆದರೆ ನಕಲಿ ಅಲ್ಲ. ಅದೂ ಇಂಗಾಲವೇ, ಅಷ್ಟೇ ಗಟ್ಟಿ, ಅಂಗಡಿಯ ಸಾದಾ ಟೆಸ್ಟರ್ ಇಟ್ಟರೆ ವಜ್ರ ಅಂತಲೇ ಕೂಗುತ್ತದೆ. ಬರಿಗಣ್ಣಿಗೆ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ, ಹರಳು ಪರೀಕ್ಷೆ ಮಾಡುವವರ ಯಂತ್ರವೇ ಬೇಕು. 2023ರಲ್ಲಿ ಮೋದಿಯವರು ಅಮೆರಿಕಕ್ಕೆ ಹೋದಾಗ ಅಲ್ಲಿನ ಆಗಿನ ಅಧ್ಯಕ್ಷ ಬೈಡನ್ ಅವರ ಹೆಂಡತಿಗೆ ಏಳೂವರೆ ಕ್ಯಾರೆಟ್ಟಿನ ಲ್ಯಾಬ್ ವಜ್ರ ಉಡುಗೊರೆ ಕೊಟ್ಟಿದ್ದರಲ್ಲ, ಅದೇ ಬಗೆ. ಒಂದೇ ವಿಷಯ ಅಂದರೆ ತಯಾರಿ ಜಾಸ್ತಿಯಾದ ಹಾಗೆ ಅದರ ಬೆಲೆ ವರ್ಷ ವರ್ಷ ಇಳಿಯುತ್ತಾ ಬಂದಿದೆ, ವಾಪಸ್ ಕೊಡಲು ಹೋದರೆ ಕೈಗೆ ಬರುವುದು ಬಹಳ ಕಡಿಮೆ.

ನನ್ನ ತಲೆಗೆ ಬೆಳಕು ಬಿದ್ದಿದ್ದು ಇಲ್ಲೇ. ಎಲ್ಲಿ ಕೊಳ್ಳಬೇಕು ಅಂತ ನಾಲ್ಕು ತಿಂಗಳು ತಲೆ ಕೆಡಿಸಿಕೊಂಡಿದ್ದೆನಲ್ಲ, ಅದಕ್ಕೆ ಮೊದಲು ಯಾವುದು ಅಂತ ತೀರ್ಮಾನ ಆಗಬೇಕಿತ್ತು. ಲ್ಯಾಬಿನದು ಅಂತಾದರೆ ವಾಪಸ್ ಮಾರುವ ಯೋಚನೆಯನ್ನೇ ಬಿಡಬಹುದು, ಒಳ್ಳೆ ರಿಪೋರ್ಟ್ ಇಟ್ಟು ಕಡಿಮೆಗೆ ಕೊಡುವವನು ಯಾರಾದರೂ ಸರಿ, ಆನ್‌ಲೈನೂ ಸರಿ. ಗಣಿಯದು ಅಂತಾದರೆ ನಾಳೆ ಇದನ್ನು ಯಾರು, ಯಾವ ಲೆಕ್ಕದಲ್ಲಿ ವಾಪಸ್ ತಗೊಳ್ಳುತ್ತಾರೆ ಅನ್ನುವುದೇ ಮುಖ್ಯ ಪ್ರಶ್ನೆ. ನಾದಿನಿ ಅವಳ ಲೆಕ್ಕದಲ್ಲಿ ಸರಿಯಾಗೇ ಮಾಡಿದ್ದಾಳೆ. ನನಗೆ ಗಣಿಯದೇ ಬೇಕು ಅನಿಸಿತು. ಕಾರಣ ಕೇಳಿದರೆ ಇಲ್ಲ, ಸುಮ್ನೆ.

ಆನ್‌ಲೈನ್ ನೋಡಿದೆ. ಅದರಲ್ಲಿ ಕಲಿತದ್ದು ಜಾಸ್ತಿ, ಕೊಂಡದ್ದೇನಿಲ್ಲ. ಹರಳನ್ನು ಸುತ್ತ ತಿರುಗಿಸುವ ವಿಡಿಯೋ, ಅಳತೆ, ಬೆಲೆ, ಎಲ್ಲ ಸಾಲಾಗಿ ಕಾಣುತ್ತದೆ, ಹಾಗಾಗಿ ಯಾವ ಅಂಗಡಿಯವರು ಎಷ್ಟು ಏರಿಸಿ ಹೇಳುತ್ತಿದ್ದಾರೆ ಅಂತ ಅಂದಾಜು ಸಿಗುತ್ತದೆ. ಇಪ್ಪತ್ತು ದಿನ ರಾತ್ರಿ ಊಟವಾದ ಮೇಲೆ ಅದೇ ಕೆಲಸ. 50 ಸೆಂಟ್ ದಾಟಿದ ಕೂಡಲೇ ರೇಟು ಹಾರುತ್ತದೆ ಅಂತ ಆಗಲೇ ಗೊತ್ತಾದದ್ದು. (ನೂರು ಸೆಂಟಿಗೆ ಒಂದು ಕ್ಯಾರೆಟ್. ಮಂಗಳೂರು ಕಡೆಯವರಿಗೆ ಸೆಂಟ್ ಅಂದರೆ ಜಾಗದ ಲೆಕ್ಕ, ನಮ್ಮ ಭಾವನಿಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು.) 46, 47 ಸೆಂಟಿನದು ಕಣ್ಣಿಗೆ ಅಷ್ಟೇ ದೊಡ್ಡದು, ಪ್ರತಿ ಸೆಂಟಿನ ರೇಟು ಮಾತ್ರ ಒಂದು ಮೆಟ್ಟಿಲು ಕೆಳಗೆ. ಕೊನೆಗೆ ಒಂದು ಹರಳು ಇಷ್ಟವಾಗಿ ವಿಳಾಸ ಹಾಕಿದರೆ, ನಿಮ್ಮ ಪಿನ್‌ಕೋಡಿಗೆ ಇಷ್ಟು ಬೆಲೆಯ ವಸ್ತು ಕಳಿಸಲ್ಲ ಅಂತ ಬಂತು. ನಮ್ಮೂರು ಶಿರಸಿಯಿಂದ ಹದಿನಾರು ಕಿಲೋಮೀಟರ್ ಒಳಗೆ. ಮಳೆಗಾಲದಲ್ಲಿ ಗ್ಯಾಸ್ ಸಿಲಿಂಡರೇ ಬರಲ್ಲ, ವಜ್ರ ಎಲ್ಲಿಂದ ಬರಬೇಕು.

ಮುಂಬೈ ಅನ್ನುವ ಆಸೆಯೂ ಆಯ್ತು. ನಮ್ಮ ಜಿಲ್ಲೆಯಲ್ಲಿ ಮುಂಬೈಯಲ್ಲಿ ನೆಂಟರಿಲ್ಲದ ಮನೆ ಕಡಿಮೆ. ನನ್ನ ಚಿಕ್ಕಪ್ಪ ಡೊಂಬಿವಲಿಯಲ್ಲಿದ್ದಾರೆ. ಒಪೇರಾ ಹೌಸ್ ಕಡೆ ವಜ್ರದ ವ್ಯಾಪಾರದ ಒಬ್ಬ ಪರಿಚಯದವರಿದ್ದಾರೆ, ಕುಮಟೆಯಲ್ಲಿ ಸಂಜೆ ಮತ್ಸ್ಯಗಂಧ ರೈಲು ಹತ್ತು, ಬೆಳಗ್ಗೆ ಇಲ್ಲಿರ್ತೀಯ, ಒಂದೇ ದಿನದ ಕೆಲಸ ಅಂದರು. ಟಿಕೆಟ್ ಬುಕ್ ಮಾಡುವ ಮೊದಲು ಆ ಪರಿಚಯದವರ ಹತ್ತಿರ ಫೋನಲ್ಲಿ ಮಾತಾಡಿದೆ. ರೇಟು ನಿಜಕ್ಕೂ ಕಡಿಮೆ. ಬಿಲ್ ಬೇಕಾ ಅಂತ ಕೇಳಿದರು. ಬೇಕು ಅಂದೆ. ಹಾಗಾದರೆ ರೇಟು ಬೇರೆ ಅಂದರು. ಬಿಡಿ ಹರಳಿಗೆ ಜಿಎಸ್‌ಟಿ ಶೇಕಡಾ 1.5, ಒಡವೆ ಅಂತಾದರೆ ಶೇಕಡಾ 3, ಇಷ್ಟು ಸಣ್ಣ ತೆರಿಗೆ ಉಳಿಸಲಿಕ್ಕೆ ಬಿಲ್ಲೇ ಬೇಡ ಅನ್ನುವ ವ್ಯಾಪಾರ ನನಗೆ ಸರಿಬರಲಿಲ್ಲ. ಚಿಕ್ಕಪ್ಪನಿಗೆ ಸ್ವಲ್ಪ ಬೇಸರವಾಯಿತು. ಆಗಲಿ. ಅವರ ಪರಿಚಯದವರ ಜೊತೆ ಮುಂದೆ ತಕರಾರು ಬಂದಿದ್ದರೆ ಇದಕ್ಕಿಂತ ಜಾಸ್ತಿ ಬೇಸರವಾಗುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಕುಮಟೆಯ ಅಕ್ಕಸಾಲಿ ಶೇಟ್ರು. ನನ್ನ ತವರು ಕುಮಟೆ. ನನ್ನ ಕಿವಿ ಚುಚ್ಚಿದ್ದು, ಅಮ್ಮನ ಕರಿಮಣಿ ಪೋಣಿಸಿದ್ದು, ತಂಗಿ ಮದುವೆಯ ಬಳೆ, ಎಲ್ಲ ಅವರೇ. ಶೇಟ್ ಮಾಮ, ನಿಮ್ಮಲ್ಲೇ ಹರಳು ತರಿಸಿಕೊಡಿ ಅಂದೆ. ಅವರು ಊದುಕೊಳವೆ ಕೆಳಗಿಟ್ಟು ಹೇಳಿದರು: "ತಂಗಿ, ಚಿನ್ನ ನಾನು ಬಲ್ಲೆ. ಇಷ್ಟು ಬೆಲೆಯ ಹರಳು ನಾನು ವರ್ಷಕ್ಕೆ ಒಂದೂ ಮಾರೋದಿಲ್ಲ. ಹರಳು ದಿನಾ ಮಾರುವವನ ಹತ್ರ ತಗೋ, ಉಂಗುರಕ್ಕೆ ಇಲ್ಲಿಗೆ ಬಾ. ಜಾಂಗಡ್‌ಲ್ಲಿ ತರಿಸ್ತಾರಾ ಕೇಳು." ಜಾಂಗಡ್ ಅನ್ನುವ ಪದ ನಾನು ಕೇಳಿದ್ದು ಅವತ್ತೇ ಮೊದಲು. ವಜ್ರದ ವ್ಯಾಪಾರಿಗಳು ಒಬ್ಬರಿಗೊಬ್ಬರು ಮಾಲನ್ನು ನೋಡಲಿಕ್ಕೆ ಅಂತ ಚೀಟಿ ಬರೆದು ಕಳಿಸುತ್ತಾರಂತೆ. ಒಪ್ಪಿದರೆ ಖರೀದಿ, ಇಲ್ಲದಿದ್ದರೆ ವಾಪಸ್.

ಹಾಗೆ ಹುಬ್ಬಳ್ಳಿಯಲ್ಲಿ ಮೂರು ಅಂಗಡಿಗೆ ಹೋಗಿ ಅದೇ ಪ್ರಶ್ನೆ ಕೇಳಿದೆವು. ಎರಡು ಕಡೆ ನಮ್ಮಲ್ಲಿ ರೆಡಿ ಉಂಗುರ ಮಾತ್ರ ಅಂದರು. ಮೂರನೆಯವರು, ತಂದೆ ಮಗ ನಡೆಸುವ ಅಂಗಡಿ, ಎಷ್ಟು ಸೆಂಟು, ಯಾವ ಬಣ್ಣ ಬರೆದುಕೊಡಿ, ಹತ್ತು ದಿನ ಬಿಟ್ಟು ಬನ್ನಿ ಅಂದರು. ಹತ್ತು ದಿನ ಬಿಟ್ಟು ಹೋದಾಗ ಬಿಳಿ ಕಾಗದದ ಮಡಿಕೆಯಲ್ಲಿ ಮೂರು ಬಿಡಿ ಹರಳುಗಳಿದ್ದವು, ಮೂರಕ್ಕೂ ಜಿಐಎ ರಿಪೋರ್ಟು.

ಒಂದು 50 ಸೆಂಟಿನದು, ಬಣ್ಣ ಐ. ಇನ್ನೊಂದು 45, ಬಣ್ಣ ಜಿ, ಟ್ರಿಪಲ್ ಎಕ್ಸ್, ಅಂದರೆ ಕಟ್ಟಿಂಗ್, ಪಾಲಿಶ್, ಸಿಮೆಟ್ರಿ ಮೂರೂ ಎಕ್ಸಲೆಂಟ್. ಮೂರನೆಯದು 40, ಬಣ್ಣ ಎಫ್, ಮೂರರಲ್ಲಿ ಅದೇ ಶುದ್ಧ. ಕಾಗದದಲ್ಲಿ ಮೂರನೆಯದೇ ರಾಣಿ. ಸ್ಪಾಟ್‌ಲೈಟಿನ ಕೆಳಗೆ ಮೂರೂ ಒಂದೇ ಥರ ಹೊಳೆಯುತ್ತಿದ್ದವು, ಆ ಬೆಳಕಲ್ಲಿ ಗಾಜಿನ ಚೂರೂ ಹೊಳೆಯುತ್ತದೆ. ಕಿಟಕಿ ಹತ್ತಿರ ತಗೊಂಡು ಹೋಗಬಹುದಾ ಅಂತ ಕೇಳಿದೆ. ಮಗ ಅಪ್ಪನ ಮುಖ ನೋಡಿದ. ಅಪ್ಪ ತಲೆಯಾಡಿಸಿದರು.

ಚಿಮಟದಲ್ಲಿ ಹರಳು ಹಿಡಿಯಲು ಕೈ ನಡುಗುತ್ತದೆ, ಎರಡು ಸಲ ಮೇಜಿನ ಬಟ್ಟೆ ಮೇಲೆ ಬಿತ್ತು. ಮಗ ಕಲಿಸಿಕೊಟ್ಟ ಹಾಗೆ ಅದನ್ನು ಬೆರಳ ಸಂದಿಯಲ್ಲಿ ಕೂರಿಸಿಕೊಂಡು, ಕಿಟಕಿಗೆ ಬೆನ್ನು ಮಾಡಿ, ನನ್ನ ನೆರಳಿನಲ್ಲಿ ನೋಡಿದೆ. 50 ಸೆಂಟಿನದು ನಡುವೆ ಸ್ವಲ್ಪ ಮಂಕು, ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ. ರಿಪೋರ್ಟಿನಲ್ಲಿ ಕಾರಣವೂ ಇತ್ತು: ಆಳ ಅಗಲದ ಶೇಕಡಾ 63.9. ತೂಕ ಉಳಿಸಲಿಕ್ಕೆ ಅಡಿಯನ್ನು ದಪ್ಪ ಬಿಟ್ಟಿದ್ದರು. ಅಗಲ 5.04 ಮಿಲಿಮೀಟರ್. 45 ಸೆಂಟಿನದು 4.94. ಅಂದರೆ ಐದು ಸೆಂಟು ಜಾಸ್ತಿ ದುಡ್ಡು ಕೊಟ್ಟರೆ ಬೆರಳ ಮೇಲೆ ಕಾಣುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಜಾಸ್ತಿ. ಉಳಿದದ್ದು ಹೊಟ್ಟೆಯೊಳಗೆ, ಉಂಗುರದ ಒಳಗೆ ಅಡಗಿ ಕೂರುತ್ತದೆ. ತೂಕಕ್ಕೆ ಅಂತ ಒಳಗೆ ಕಲ್ಲು ಹಾಕಿದ ಅಡಿಕೆ ಚೀಲ ನೆನಪಾಯಿತು.

ಮೂರನೆಯದನ್ನು ಬಿಸಿಲಿಗೆ ಹಿಡಿದರೆ ತೆಳು ಹಾಲು ಕಲಸಿದ ಹಾಗೆ ಒಂದು ಮಬ್ಬು. ರಿಪೋರ್ಟಿನಲ್ಲಿ ಫ್ಲೋರೆಸೆನ್ಸ್ ಸ್ಟ್ರಾಂಗ್ ಬ್ಲೂ ಅಂತ ಇತ್ತು, ಬಿಸಿಲಿನ ಅತಿನೇರಳೆ ಕಿರಣಕ್ಕೆ ಹರಳೇ ನೀಲಿ ಬೆಳಕು ಕೊಡುವುದು. ಎಲ್ಲ ಹರಳಿಗೂ ಅದರಿಂದ ಮಬ್ಬು ಬರಲ್ಲ, ಇದಕ್ಕೆ ಬಂದಿತ್ತು. ಅಪ್ಪ ನಕ್ಕು ಹೇಳಿದರು, ನಮ್ಮ ಕಾಲದಲ್ಲಿ ಇಂಥದ್ದಕ್ಕೆ ಬ್ಲೂ ಜಾಗರ್ ಅಂತ ಹೆಚ್ಚು ದುಡ್ಡು ಕೊಟ್ಟು ಬೆಂಡೋಲೆಗೆ ತಗೊಳ್ಳುತ್ತಿದ್ದರು, ಈಗ ಇದಕ್ಕೇ ರೇಟು ಕಡಿಮೆ. ಆ ಜಾಗರ್ ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯ ಹೆಸರಿನ ತುಂಡು. ನಮ್ಮ ಅಜ್ಜಿಯರ ಕಿವಿಗೆ ಎಲ್ಲಿಂದೆಲ್ಲಿಗೆ ನಂಟು ನೋಡಿ.

45 ಸೆಂಟಿನದನ್ನೇ ಆರಿಸಿದೆವು. ಹಣ ಕೊಡುವ ಮೊದಲು ವಾಪಸ್ಸಿನ ಮಾತು. ಇಲ್ಲಿ ನಾನು ಅಂಟಿಕೊಂಡು ಕೂತೆ. ಶೇಕಡಾ 90 ಕೊಡುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ, ಯಾವುದರ 90 ಅಂತ ಕೇಳಬೇಕು. ನಾನು ಕೊಟ್ಟ ಬಿಲ್ಲಿನದೋ, ಆ ದಿನದ ಅವರ ರೇಟಿನದೋ? ಬದಲಿ ಒಡವೆಗೋ, ಕೈಗೆ ದುಡ್ಡಿಗೋ? ಹರಳನ್ನು ಬೇರೆ ಕಡೆ ಕೂರಿಸಿದರೂ ನಡೆಯುತ್ತದಾ? ಅವರು ಬಿಲ್ಲಿನ ಮೇಲೇ ಪೆನ್ನಿನಲ್ಲಿ ಬರೆದರು: ಬದಲಿಗೆ ಬಿಲ್ ಮೊತ್ತದ ಶೇಕಡಾ 90, ನಗದು ಬೇಕಂದರೆ 75, ಹರಳು ಒಡೆದಿರಬಾರದು, ರಿಪೋರ್ಟ್ ಇರಬೇಕು. ರಿಪೋರ್ಟಿನ ನಂಬರನ್ನೂ ಬಿಲ್ಲಿನಲ್ಲಿ ಬರೆಸಿದೆ. ಆ ನಂಬರನ್ನು ಜಿಐಎ ವೆಬ್‌ಸೈಟಿನಲ್ಲಿ ಅಲ್ಲೇ ಮೊಬೈಲಲ್ಲಿ ಹಾಕಿ ನೋಡಿದೆವು, ಅಳತೆ ಎಲ್ಲ ಹೊಂದಿತು. ಆನ್‌ಲೈನಿಗಿಂತ ಆರೇಳು ಸಾವಿರ ಜಾಸ್ತಿ ಆಯ್ತು. ಕಿಟಕಿಯ ಬಾಡಿಗೆ ಅಂದುಕೊಂಡೆ.

ಹರಳು ಮನೆಗೆ ಬಂದ ಮೇಲೆ ಅತ್ತೆಯದು ಬೇರೆ ಪರೀಕ್ಷೆ. "ವಜ್ರ ಎಲ್ಲರಿಗೂ ಆಗಿಬತ್ತಿಲ್ಲೆ ತಂಗಿ, ಮೂರು ರಾತ್ರಿ ದಿಂಬಿನ ಕೆಳಗೆ ಇಟ್ಕಂಡು ನೋಡವು" ಅಂದರು. ಕಾಗೆ ಕಾಲು ಇದೆಯಾ ನೋಡಿದ್ರಾ ಅಂತಲೂ ಕೇಳಿದರು. ಕಾಕಪಾದ, ಹರಳಿನೊಳಗೆ ಕಾಗೆ ಹೆಜ್ಜೆಯಂಥ ಗುರುತಿದ್ದರೆ ಅಪಶಕುನ ಅಂತ ಹಳೇ ನಂಬಿಕೆ. ಏಳು ದಿನದೊಳಗೆ ವಾಪಸ್ ಕೊಡಬಹುದು ಅಂತ ಮೊದಲೇ ಮಾತಾಗಿತ್ತು, ಹಾಗಾಗಿ ನಾನೂ ಎದುರಾಡಲಿಲ್ಲ. ಸಣ್ಣ ಹರಳಿಗೆ ಜಿಐಎ ಕೊಡುವ ಚಿಕ್ಕ ರಿಪೋರ್ಟಿನಲ್ಲಿ ಒಳಗಿನ ಕಲೆಯ ನಕ್ಷೆ ಇರುವುದಿಲ್ಲ, ಕ್ರಿಸ್ಟಲ್, ಫೆದರ್ ಅಂತ ಹೆಸರಷ್ಟೇ ಇರುತ್ತದೆ. ಭೂತಗನ್ನಡಿ ಹಿಡಿದು ಅತ್ತೆಗೆ ತೋರಿಸಿದೆ. ಅವರಿಗೆ ಪೊರೆ ಆಪರೇಷನ್ ಆದ ಕಣ್ಣು. "ಎಂತದೂ ಕಾಣ್ತಿಲ್ಲೆ" ಅಂದರು, ಅಲ್ಲಿಗೆ ಪಾಸಾಯಿತು. ಮೂರು ರಾತ್ರಿ ನಿದ್ದೆ ಬಂದಿಲ್ಲ ನಿಜ. ಕಳೆದುಹೋದರೆ ಅನ್ನುವ ಹೆದರಿಕೆಗೆ.

ನಾಲ್ಕನೇ ದಿನ ದೇವಿಮನೆ ಘಟ್ಟ ಇಳಿದು ಕುಮಟೆಗೆ. ಶೇಟ್ರು ಮೊದಲು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಹರಳನ್ನು ಸೋಪುನೀರಲ್ಲಿ ಅದ್ದಿ ಒರೆಸಿದರು. ವಜ್ರಕ್ಕೆ ಜಿಡ್ಡು ಬೇಗ ಹಿಡಿಯುತ್ತದೆ, ನಮ್ಮ ಕೈಯ ಕೊಬ್ಬರಿ ಎಣ್ಣೆ ಸಾಕು ಮಂಕಾಗಲಿಕ್ಕೆ. ಆಮೇಲೆ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಹರಳಿನ ನಡುಪಟ್ಟಿಯನ್ನು ತಿರುಗಿಸುತ್ತಾ ಹೋದರು. "ಇಲ್ಲುಂಟು ನೋಡು" ಅಂದರು. ಅಂಚಿನಲ್ಲಿ ಲೇಸರಿನಲ್ಲಿ ಕೊರೆದ ನಂಬರು, ಹತ್ತು ಪಟ್ಟು ದೊಡ್ಡದಾಗಿ ಕಂಡರೂ ಇರುವೆ ಕಾಲಿನಷ್ಟು ಸಣ್ಣ. ನನ್ನ ಕೈಯಲ್ಲೇ ಬರೆಸಿಕೊಂಡರು, ರಿಪೋರ್ಟಿಗೆ ತಾಳೆ ನೋಡಿಸಿದರು. ಕೂರಿಸಿದ ಮೇಲೂ ಇದೇ ನಂಬರು ನಿನಗೆ ತೋರಿಸಿ ಕೊಡ್ತೆ, ಆಗ ನಿನಗೂ ಚಿಂತೆ ಇಲ್ಲ, ನನಗೂ ಇಲ್ಲ ಅಂದರು.

ನನಗೆ 22 ಕ್ಯಾರೆಟ್ ಚಿನ್ನ ಬೇಕಿತ್ತು, ಬಣ್ಣ ಚೆಂದ ಅಂತ. ಅವರು ಒಪ್ಪಲಿಲ್ಲ. 22 ಮೆತ್ತಗೆ, ಹರಳು ಹಿಡಿಯುವ ಉಗುರು ಬಾಗುತ್ತದೆ, ಇಂಥದ್ದಕ್ಕೆ 18 ಅಂತಲೇ ಮಾಡಿದರು. ನಾಲ್ಕು ಉಗುರು ಅಂದಿದ್ದೆ, ಕಾಯಿ ತುರಿಯುವ ಕೈ ಇದು, ಆರು ಇರಲಿ ಅಂದರು. ನಂಬರು ಇರುವ ಜಾಗ ಉಗುರಿನ ಕೆಳಗೆ ಹೋಗದ ಹಾಗೆ ಹರಳನ್ನು ತಿರುಗಿಸಿ ಕೂರಿಸಿದರು. ಹಳೆ ಉಂಗುರ ಕರಗಿಸಲು ನನಗೆ ಮನಸ್ಸಾಗಲಿಲ್ಲ. ಅದು ಆರು ಹರಳಿನ ಸಮೇತ ಬೀರುವಿನಲ್ಲಿದೆ, ಬಣ್ಣ ಹಾರಿದ ಬಿಲ್ಲಿನ ಜೊತೆ.

ಮೊನ್ನೆ ಮೊನ್ನೆ ಸೆರಗು ಉಂಗುರಕ್ಕೆ ಸಿಕ್ಕಿಕೊಳ್ಳಲು ಶುರುವಾಯಿತು. ನೋಡಿದರೆ ಒಂದು ಉಗುರು ಕೂದಲೆಳೆಯಷ್ಟು ಎದ್ದಿದೆ. ಹುಬ್ಬಳ್ಳಿಗೆ ಹೋಗಿ ಬರುವುದೆಂದರೆ ಒಂದು ದಿನದ ರಜೆ. ತವರಿಗೆ ಹೇಗೂ ಭಾನುವಾರ ಹೋಗುವುದಿತ್ತು. ಶೇಟ್ರು ಅಂಗಡಿ ಅರ್ಧ ಬಾಗಿಲು ತೆರೆದು, ಐದು ನಿಮಿಷದಲ್ಲಿ ಉಗುರು ಒತ್ತಿ ಕೂರಿಸಿದರು. ದುಡ್ಡು ತಗೊಳ್ಳಲಿಲ್ಲ. ಕಣ್ಣಿನ ಗಾಜು ನನ್ನ ಕೈಗೆ ಕೊಟ್ಟು, ನಂಬರು ಓದಿಕೊಂಡು ಹೋಗು ಅಂದರು.